ಸರ್ಟಿಫಿಕೇಟು ಇದೆ, ಕೈ ಓಡುತ್ತಿಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಅಂಕಣ ಪೂರ್ತಿ ಆರೋಗ್ಯ ಕಾರ್ಯಕರ್ತರಿಗೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಸಿಸ್ಟರುಗಳು, ಜೆಪಿಎಚ್‌ಎನ್‌ಗಳು (ಕಿರಿಯ ಸಾರ್ವಜನಿಕ ಆರೋಗ್ಯ ನರ್ಸುಗಳು), ಆಶಾ ಕಾರ್ಯಕರ್ತೆಯರು ತುರ್ತು ಸಂದರ್ಭದ ತರಬೇತಿಯ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಆರಿಸಿದ್ದೇವೆ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿದ್ದೇವೆ. ಇಲ್ಲಿರುವ ಮದ್ದಿನ ಪ್ರಮಾಣಗಳು ತರಬೇತಿಯಾದ ಸಿಬ್ಬಂದಿಗೆ, ವೈದ್ಯರ ಸೂಚನೆಯಡಿ ಬಳಸಲು. ಮನೆಯಲ್ಲಿ ಪ್ರಯೋಗ ಮಾಡಲು ಅಲ್ಲ.

ಪ್ರಶ್ನೆ: ಎರಡು ದಿನದ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದು ಎಂಟು ತಿಂಗಳಾಯಿತು. ಮೊನ್ನೆ ಒ.ಪಿ. ಸಾಲಿನಲ್ಲಿ ಒಬ್ಬರು ಕುಸಿದು ಬಿದ್ದಾಗ ಎಲ್ಲ ಗೊತ್ತಿದ್ದೂ ಕೈ ಓಡಲಿಲ್ಲ. ಇದು ನನ್ನ ದೌರ್ಬಲ್ಯವೇ?
– ಸ್ಟಾಫ್ ನರ್ಸ್, ಬದಿಯಡ್ಕ ಕಡೆ

ಉತ್ತರ: ದೌರ್ಬಲ್ಯ ಅಲ್ಲ, ಅಭ್ಯಾಸ ತಪ್ಪಿದ್ದು. ಎದೆ ಒತ್ತುವುದು (ಸಿಪಿಆರ್) ಈಜಿನ ಹಾಗೆ ಒಮ್ಮೆ ಕಲಿತರೆ ಉಳಿಯುವ ವಿದ್ಯೆಯಲ್ಲ. ಮುಟ್ಟದೆ ಬಿಟ್ಟರೆ ಮೂರರಿಂದ ಆರು ತಿಂಗಳಲ್ಲಿ ಸವೆದುಹೋಗುತ್ತದೆ. ಸರ್ಟಿಫಿಕೇಟಿನ ಮೇಲೆ ಬರೆದ ಎರಡು ವರ್ಷ ಕಾಗದದ ಆಯುಷ್ಯ, ಕೈಯದ್ದಲ್ಲ.

ವಾರಕ್ಕೆ ಹತ್ತು ನಿಮಿಷ ನಿಮ್ಮ ಕೇಂದ್ರದಲ್ಲೇ, ನಿಮ್ಮ ಸಾಮಾನು ಹಿಡಿದೇ ಅಣಕು ಅಭ್ಯಾಸ ಮಾಡಿ. ತರಬೇತಿ ಹಾಲ್‌ನಲ್ಲಿ ಅಂಬು ಬ್ಯಾಗ್ (ಹಿಚುಕಿ ಉಸಿರು ಕೊಡುವ ಚೀಲ) ಮೇಜಿನ ಮೇಲೆ ಸಿದ್ಧ ಇರುತ್ತದೆ. ನಿಮ್ಮಲ್ಲಿ ಅದು ಕಪಾಟಿನೊಳಗೆ, ಕಪಾಟಿನ ಕೀಲಿ ರಜೆಯಲ್ಲಿರುವವರ ಬ್ಯಾಗಿನಲ್ಲಿ. ಈ ಸಂಗತಿ ಅಣಕು ಅಭ್ಯಾಸದಲ್ಲಿ ಹೊರಬಿದ್ದರೆ ನಕ್ಕು ಸರಿಪಡಿಸಬಹುದು.

ಕೈ ಓಡದಿರುವುದಕ್ಕೆ ಇನ್ನೊಂದು ಕಾರಣ ಉಂಟು. ಐದು ಮಂದಿ ಓಡಿ ಬರುತ್ತಾರೆ, ಯಾರು ಏನು ಮಾಡಬೇಕೆಂದು ನಿಶ್ಚಯವಾಗಿರುವುದಿಲ್ಲ, ಐದೂ ಮಂದಿ ನಾಡಿ ಹುಡುಕುತ್ತಾರೆ. ಬೆಳಗ್ಗೆ ಡ್ಯೂಟಿ ಬೋರ್ಡಿನಲ್ಲಿ ಹೆಸರಿನ ಎದುರು ಕೆಲಸ ಬರೆದುಬಿಡಿ: ಎದೆ ಒತ್ತುವವರು ಒಬ್ಬರು, ಗಂಟಲು ಮತ್ತು ಬ್ಯಾಗ್ ಒಬ್ಬರು, ಎಮರ್ಜೆನ್ಸಿ ಪೆಟ್ಟಿಗೆ ಮತ್ತು ಡ್ರಿಪ್ ಒಬ್ಬರು, ಫೋನ್ ಮಾಡಿ ಸಮಯ ಬರೆಯುವವರು ಒಬ್ಬರು. ಇಬ್ಬರೇ ಇರುವ ದಿನ ಒಬ್ಬರು ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಟ್ಟು ಒತ್ತಲು ಶುರು ಮಾಡಬೇಕು, ಇನ್ನೊಬ್ಬರು ಪೆಟ್ಟಿಗೆ ತರಬೇಕು.

ಒತ್ತುವ ಲೆಕ್ಕ ಗೊತ್ತೇ ಇರುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ., 30 ಒತ್ತಿಗೆ 2 ಉಸಿರು, ಎರಡು ನಿಮಿಷಕ್ಕೊಮ್ಮೆ ಆಳು ಬದಲು. ತಪ್ಪುವುದು ಬೇರೆ ಕಡೆ. ಒಂದು, ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡದೆ ಅದರ ಮೇಲೇ ಭಾರ ಹಾಕಿ ನಿಲ್ಲುವುದು. ಹಾಗೆ ಮಾಡಿದರೆ ಹೃದಯಕ್ಕೆ ರಕ್ತ ವಾಪಸು ತುಂಬುವುದಿಲ್ಲ. ಇನ್ನೊಂದು, ಸ್ಪಂಜಿನ ಹಾಸಿಗೆಯ ಮೇಲೇ ಒತ್ತುವುದು. ಆರು ಸೆಂ.ಮೀ. ಒತ್ತಿದಂತೆ ಕಾಣುತ್ತದೆ, ಅರ್ಧ ಹಾಸಿಗೆಯೇ ತಗ್ಗಿರುತ್ತದೆ. ಬೆನ್ನಡಿಗೆ ಹಲಗೆ ಹಾಕಿ, ಇಲ್ಲವಾದರೆ ನೆಲಕ್ಕೆ ಇಳಿಸಿ. ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಬಾಯಿ ತೆರೆದು ಗೊರಕೆಯ ಹಾಗೆ ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯುತ್ತಾರೆ. ಮನೆಯವರು ‘ಉಸಿರಾಡುತ್ತಿದ್ದಾರೆ’ ಎನ್ನುತ್ತಾರೆ, ಸಿಬ್ಬಂದಿಯೂ ನಂಬುತ್ತಾರೆ. ಅದು ಉಸಿರಲ್ಲ, ಮೇಲುಸಿರು. ಎಚ್ಚರವಿಲ್ಲ, ಉಸಿರು ಸರಿಯಿಲ್ಲ, ಹತ್ತು ಸೆಕೆಂಡಿನಲ್ಲಿ ನಾಡಿ ಖಚಿತವಾಗಲಿಲ್ಲ ಎಂದರೆ ಒತ್ತಲು ಶುರು ಮಾಡಿ.

ಎಣಿಕೆಯಲ್ಲೂ ಒಂದು ಸಣ್ಣ ಕಿವಿಮಾತು. ಕನ್ನಡದಲ್ಲಿ ‘ಇಪ್ಪತ್ತೊಂದು, ಇಪ್ಪತ್ತೆರಡು’ ಎನ್ನುವಾಗ ಪದ ಉದ್ದವಾಗಿ ಕೈ ನಿಧಾನವಾಗುತ್ತದೆ. ಒಂದರಿಂದ ಹತ್ತನ್ನೇ ಮೂರು ಸಲ ಎಣಿಸಿ. ಲಯಕ್ಕೆ ಮೊಬೈಲಿನ ಮೆಟ್ರೊನೋಮ್ ಆ್ಯಪನ್ನು 110ಕ್ಕೆ ಇಡಿ.

ತರಬೇತಿಯ ಗೊಂಬೆ (ಮ್ಯಾನಿಕಿನ್) ಇಲ್ಲ ಎಂಬ ನೆಪ ಬೇಡ. ಗಟ್ಟಿಯಾಗಿ ನಾರು ತುಂಬಿದ ಗೋಣಿಗೆ ಹಳೆ ಅಂಗಿ ತೊಡಿಸಿ, ಎದೆಯ ಜಾಗದಲ್ಲಿ ಮುಚ್ಚಳ ಬಿಗಿದ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಅಡ್ಡ ಇಟ್ಟರೆ ಲಯ, ಭಂಗಿ, ಆಳು ಬದಲಿಸುವ ಕ್ರಮ ಎಲ್ಲ ಕಲಿಯಬಹುದು. ಉಸಿರು ಕೊಡುವುದನ್ನು ಮಾತ್ರ ನಿಜವಾದ ಮ್ಯಾನಿಕಿನ್ ಮೇಲೆಯೇ ಕಲಿಯಬೇಕು.

ಪ್ರಶ್ನೆ: ಬುಧವಾರ ಲಸಿಕೆ ಕೊಡುವಾಗ, ಯಾರಿಗಾದರೂ ತೀವ್ರ ಅಲರ್ಜಿಯಾದರೆ ಕೊಡಲೆಂದು ಅಡ್ರಿನಲಿನ್ ಕಿಟ್ ಪಕ್ಕದಲ್ಲೇ ಇರುತ್ತದೆ. ಇದುವರೆಗೆ ತೆರೆದದ್ದಿಲ್ಲ. ಕೊಡಬೇಕಾಗಿ ಬಂದರೆ ತಪ್ಪೀತೆಂಬ ಭಯ.
– ಜೆಪಿಎಚ್‌ಎನ್, ಪೈವಳಿಕೆ

ಉತ್ತರ: ತೆರೆಯಿರಿ. ಅವಧಿ ಮೀರಿದ ಆಂಪೂಲುಗಳನ್ನು (ಮದ್ದಿನ ಗಾಜಿನ ಕುಪ್ಪಿಗಳನ್ನು) ಎಸೆಯುವ ಮುನ್ನ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಅಭ್ಯಾಸಕ್ಕೆ’ ಎಂದು ಬರೆದು ಬೇರೆ ಡಬ್ಬಿಯಲ್ಲಿಡಿ. ಲಸಿಕೆ ಶುರುವಾಗುವ ಮುನ್ನ ವಾಚು ಹಿಡಿದು ಆಂಪೂಲ್ ಒಡೆದು ಸಿರಿಂಜಿಗೆ ಎಳೆಯುವವರೆಗೆ ಮಾಡಿ. ಮೊದಲ ಸಲ ಎರಡು ನಿಮಿಷ ಹಿಡಿಯುತ್ತದೆ, ನಾಲ್ಕನೇ ವಾರಕ್ಕೆ ಅರ್ಧ ನಿಮಿಷಕ್ಕೆ ಇಳಿಯುತ್ತದೆ.

ತಪ್ಪುವ ಜಾಗ ಸಿರಿಂಜ್. ಕಿಟ್‌ನಲ್ಲಿ ಟ್ಯೂಬರ್‌ಕ್ಯುಲಿನ್ ಸಿರಿಂಜ್ (ಒಂದು ಮಿ.ಲೀ.ನ ಸಣ್ಣ ಸಿರಿಂಜ್) ಇಲ್ಲದಿದ್ದರೆ ಸೂಜಿ ಕಳಚಬಹುದಾದ 40 ಯೂನಿಟಿನ ಇನ್ಸುಲಿನ್ ಸಿರಿಂಜ್ ಇರುತ್ತದೆ. ಅದರಲ್ಲಿ ಒಂದು ಮಿ.ಲೀ. ಅಂದರೆ 40 ಗೆರೆ. ದೊಡ್ಡವರಿಗೆ ಬೇಕಾದ 0.5 ಮಿ.ಲೀ. ಅಂದರೆ 20 ಗೆರೆ, ವರ್ಷದೊಳಗಿನ ಮಗುವಿಗೆ 0.05 ಮಿ.ಲೀ. ಅಂದರೆ 2 ಗೆರೆ. ಯಾರೋ ಕೆಂಪು ಮುಚ್ಚಳದ 40ರ ಬದಲು ಕಿತ್ತಳೆ ಮುಚ್ಚಳದ 100 ಯೂನಿಟಿನ ಸಿರಿಂಜ್ ತಂದಿಟ್ಟರೆ ಅದೇ 20 ಗೆರೆಗೆ ಬರುವುದು 0.2 ಮಿ.ಲೀ. ಮಾತ್ರ, ಅರ್ಧಕ್ಕಿಂತ ಕಡಿಮೆ. ಇನ್ಸುಲಿನ್ ಸಿರಿಂಜಿನ ಗಿಡ್ಡ ಸೂಜಿ ಮಾಂಸಖಂಡ ಮುಟ್ಟುವುದೂ ಇಲ್ಲ. ಒಂದಿಂಚಿನ 24 ಅಥವಾ 25 ಗೇಜಿನ ಸೂಜಿ ಬೇಕು. ವಯಸ್ಸು ಮತ್ತು ಗೆರೆಯ ಕೋಷ್ಟಕವನ್ನು ಕಿಟ್‌ನ ಮುಚ್ಚಳದ ಒಳಗೆ ಅಂಟಿಸಿ. ತಲೆಲೆಕ್ಕ ಬೇಡ.

ಚುಚ್ಚುವುದು ತೊಡೆಯ ಮುಂಭಾಗದ ಹೊರಬದಿಗೆ, ನಡುವಿನಲ್ಲಿ. ತೋಳಿಗಲ್ಲ. ಅಲರ್ಜಿಯ ಮದ್ದುಗಳಾದ ಅವಿಲ್, ಹೈಡ್ರೊಕಾರ್ಟಿಸೋನ್ ಮೊದಲು ಕೊಟ್ಟು ಕಾದು ನೋಡುವ ಹಳೆ ಅಭ್ಯಾಸವೇ ಹೆಚ್ಚು ಅಪಾಯ. ಅವು ಉಸಿರುನಾಳದ ಬಾವು ಇಳಿಸುವಷ್ಟು ಬೇಗ ಕೆಲಸ ಮಾಡುವುದಿಲ್ಲ. ಮಲಗಿಸಿ, ಕಾಲು ಎತ್ತರಿಸಿ, ವೈದ್ಯರಿಗೆ ಫೋನ್ ಮಾಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಂದು ಡೋಸ್ ಕೇಳಿ. ಸ್ವಲ್ಪ ಹುಷಾರಾದರೆಂದು ಎಬ್ಬಿಸಿ ನಡೆಸಬೇಡಿ, ರಕ್ತದೊತ್ತಡ ಏಕಾಏಕಿ ಕುಸಿಯುತ್ತದೆ.

ಸೂಜಿ ಕಂಡು ತಲೆಸುತ್ತಿ ಬೀಳುವವರೇ ಜಾಸ್ತಿ ಎಂಬುದೂ ನಿಜ. ಅವರದ್ದು ಬಿಳಿಚಿದ ಮುಖ, ತಣ್ಣನೆ ಬೆವರು, ನಿಧಾನದ ನಾಡಿ, ಮಲಗಿಸಿದರೆ ಚೇತರಿಕೆ. ತುರಿಕೆಯ ದಡಿಕೆ, ಗೊಗ್ಗರು ಧ್ವನಿ, ಸುಂಯ್‌ಗುಡುವ ಉಸಿರು, ಓಡುವ ನಾಡಿ ಕಂಡರೆ ಅದು ಬೇರೆ, ತೀವ್ರ ಅಲರ್ಜಿ. ಆಂಪೂಲಿನ ದ್ರವ ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅವಧಿ ಬಾಕಿ ಇದ್ದರೂ ಎಸೆಯಿರಿ.

ಪ್ರಶ್ನೆ: ತರಬೇತಿ ಎಲ್ಲ ಮಲಯಾಳದಲ್ಲಿ. ನನಗೆ ಅರ್ಥವಾಗುತ್ತದೆ, ಆದರೆ ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಕನ್ನಡ, ಇಲ್ಲವಾದರೆ ತುಳು. ಇದರಿಂದ ತೊಂದರೆ ಇದೆಯೇ?
– ಆಶಾ ಕಾರ್ಯಕರ್ತೆ, ಮೀಂಜ

ಉತ್ತರ: ಸಪ್ತಭಾಷೆಯ ನೆಲದಲ್ಲಿ ಇದು ಭಾಷಾಭಿಮಾನದ ಪ್ರಶ್ನೆಗಿಂತ ಮೊದಲು ರೋಗಿಯ ಸುರಕ್ಷತೆಯ ಪ್ರಶ್ನೆ. ತೊಂದರೆ ಇದೆ, ಪರಿಹಾರವೂ ಇದೆ.

ಯಾವುದೇ ತಂಡ ತಾನು ದಿನವೂ ಮಾತಾಡುವ ಭಾಷೆಯಲ್ಲೇ ಅಭ್ಯಾಸ ಮಾಡಬೇಕು. ಮದ್ದಿನ ಹೆಸರು ಮತ್ತು ಅಂಕಿಯನ್ನು ಮಾತ್ರ ಎಲ್ಲರಿಗೂ ಒಂದೇ ರೀತಿಯಲ್ಲಿ, ಇಂಗ್ಲಿಷ್ ಅಂಕಿಯಲ್ಲಿ ಹೇಳಿ. ‘ಅರ ಕೊಡು’ ಎಂದರು ಎಂದಿಟ್ಟುಕೊಳ್ಳಿ. ಅರ್ಧ ಆಂಪೂಲೇ, ಅರ್ಧ ಮಿ.ಗ್ರಾಮೇ, ಅರ್ಧ ಮಿ.ಲೀಟರೇ? ಅಡ್ರಿನಲಿನ್ ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ ಇರುವುದರಿಂದ ಬಚಾವು. ಅಟ್ರೋಪಿನ್ ಒಂದು ಮಿ.ಲೀ.ನಲ್ಲಿ 0.6 ಮಿ.ಗ್ರಾಂ, ಅಲ್ಲಿ ಲೆಕ್ಕ ತಪ್ಪಿತು. ‘ಅಡ್ರಿನಲಿನ್, ಪಾಯಿಂಟ್ ಫೈವ್ ಎಂಎಲ್, ತೊಡೆಗೆ’ ಎಂದು ಹೇಳಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ಕೊಟ್ಟ ಮೇಲೆ ‘ಕೊಟ್ಟಾಯಿತು, ಹತ್ತೂ ಇಪ್ಪತ್ತಕ್ಕೆ’ ಎನ್ನಬೇಕು. ಮೊದಮೊದಲು ನಾಟಕದಂತೆ ಅನಿಸುತ್ತದೆ, ನಾಚಿಕೆ ಬಿಡಿ.

ಸುತ್ತ ನಿಂತ ಜನರಿಗೆ ಮಾತ್ರ ಅವರವರ ಭಾಷೆಯೇ ಆಗಬೇಕು. ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಶಾಕ್ ಕೊಡುವ ಮುನ್ನ ‘ದೂರ ನಿಲ್ಲಿ’ ಎಂಬುದರ ಜತೆ ‘ಮಾರಿ ನಿಲ್ಕೂ’, ‘ದೂರ ಉಂತುಲೆ’ ಎರಡನ್ನೂ ಗಟ್ಟಿಯಾಗಿ ಕೂಗಲು ಕಲಿತಿರಿ. ಎದೆ ಒದ್ದೆ ಇದ್ದರೆ ಪ್ಯಾಡ್ ಅಂಟುವುದಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಒಂದು ಒಣ ಬೈರಾಸು, ಒಂದು ಶೇವಿಂಗ್ ರೇಜರ್ ಇಟ್ಟಿರಬೇಕು.

ಪ್ರಶ್ನೆ: ರೋಗಿಯನ್ನು ಮಂಗಳೂರಿಗೆ ಕಳಿಸುವಾಗ ಆಕ್ಸಿಜನ್ ಸಿಲಿಂಡರ್ ಸಾಕಾಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ?
– ನರ್ಸಿಂಗ್ ಅಸಿಸ್ಟೆಂಟ್, ಕುಂಬಳೆ

ಉತ್ತರ: ಸುಲಭ ಗುಣಾಕಾರ. ನೀವು ಬಳಸುವ ಬಿ ಟೈಪ್ ಸಿಲಿಂಡರಿನ ನೀರು ಹಿಡಿಯುವ ಗಾತ್ರ 10 ಲೀಟರ್. ಗೇಜಿನಲ್ಲಿ ಬಾರ್ ಅಥವಾ ಕೆ.ಜಿ. ಲೆಕ್ಕದಲ್ಲಿ ಕಾಣುವ ಒತ್ತಡವನ್ನು 10ರಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಲೀಟರಿನಲ್ಲಿ ಸಿಗುತ್ತದೆ. ತುಂಬಿದಾಗ 150, ಅಂದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ, 15 ಬಿಟ್ಟರೆ ನೂರು ನಿಮಿಷ.

ಪ್ರಯಾಣ ಒಂದೂವರೆ ಗಂಟೆ ಎಂದಿಟ್ಟುಕೊಂಡರೆ 90 ನಿಮಿಷಕ್ಕೆ 10ರಂತೆ 900 ಲೀಟರ್. ಹೆದ್ದಾರಿ ಕೆಲಸ, ಬ್ಲಾಕು, ಆಸ್ಪತ್ರೆ ಬಾಗಿಲಲ್ಲಿ ಕಾಯುವುದು ಇವಕ್ಕೆಲ್ಲ ಕಾಲು ಭಾಗ ಉಳಿಸಬೇಕು. ಹಾಗಾಗಿ ಗೇಜು 120ಕ್ಕಿಂತ ಕೆಳಗಿದ್ದರೆ ಆ ಸಿಲಿಂಡರ್ ಕಳಿಸಬೇಡಿ.

ಬಾಕಿ ಎಡವಟ್ಟುಗಳೆಲ್ಲ ಚಿಕ್ಕಚಿಕ್ಕವು. ಕೀಲಿ ಕಾಣೆಯಾಗಿರುತ್ತದೆ, ಅದನ್ನು ಸಿಲಿಂಡರಿಗೇ ಸರಪಳಿಯಲ್ಲಿ ಕಟ್ಟಿ. ರೆಗ್ಯುಲೇಟರಿನ ವಾಷರ್ ಹರಿದು ಸುಂಯ್‌ಗುಡುತ್ತಿರುತ್ತದೆ, ಒಂದೆರಡು ವಾಷರ್ ಹೆಚ್ಚಿಗೆ ಇಟ್ಟಿರಿ. ರೆಗ್ಯುಲೇಟರ್ ಕೂರಿಸುವ ಮುನ್ನ ವಾಲ್ವನ್ನು ಕ್ಷಣಮಾತ್ರ ತೆರೆದು ಮುಚ್ಚಿ, ಧೂಳು ಹಾರಿಹೋಗಲಿ. ಚೀಲವಿರುವ ಮಾಸ್ಕಿನ ಚೀಲ ಪೂರ್ತಿ ಉಬ್ಬಿದ ಮೇಲೆಯೇ ಮುಖಕ್ಕೆ ಹಾಕಿ, 10 ಲೀಟರಿಗಿಂತ ಕಡಿಮೆ ಬಿಟ್ಟರೆ ಚೀಲ ಕುಗ್ಗುತ್ತದೆ. ಮತ್ತೆ, ನಮ್ಮ ಕಡೆ ಹೇಳಲೇಬೇಕಾದದ್ದು: ತೆಂಗಿನೆಣ್ಣೆ ಮೆತ್ತಿದ ಕೈಯಲ್ಲಿ ವಾಲ್ವ್ ಮುಟ್ಟಬೇಡಿ, ಬಿಗಿಯಾದ ತಿರುಪಿಗೆ ಎಣ್ಣೆ ಬಿಡಲೇಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಕಾಡಿನಂಚಿನ ವಾರ್ಡ್. ಹಾವು ಕಚ್ಚಿದರೆ ಮೊದಲು ಕರೆ ಬರುವುದು ನನಗೆ. ನನ್ನ ಹತ್ತಿರ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಇಲ್ಲ, ಡಾಕ್ಟರಿಲ್ಲ. ನಾನು ಕಲಿಯಬೇಕಾದದ್ದೇನು?
– ಆಶಾ ಕಾರ್ಯಕರ್ತೆ, ದೇಲಂಪಾಡಿ

ಉತ್ತರ: ನಿಮ್ಮ ಕೆಲಸ ಮದ್ದು ಕೊಡುವುದಲ್ಲ, ಹೊತ್ತು ಉಳಿಸುವುದು ಮತ್ತು ಡಾಕ್ಟರಿಗೆ ಬೇಕಾದ ಮಾಹಿತಿ ಕೂಡಿಸುವುದು.

ಕಚ್ಚಿದ ಸಮಯ ಬರೆದುಕೊಳ್ಳಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಸಿ, ಬಾವು ಏರಿದ ಮೇಲೆ ಕತ್ತರಿಸಬೇಕಾಗುತ್ತದೆ. ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಅಡಿಕೆ ಸಲಾಕೆ, ಬೈರಾಸು ಬಳಸಿ ಕೈಕಾಲು ಅಲುಗದಂತೆ ಕಟ್ಟಿ. ರಕ್ತ ತಡೆಯುವ ಬಿಗಿ ಕಟ್ಟು ಬೇಡ, ಕೊಯ್ಯುವುದು, ಹೀರುವುದು ಬೇಡ. ಯಾರಾದರೂ ಆಗಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದು ನಿಂತ ವಿಷ ಒಮ್ಮೆಗೇ ನುಗ್ಗಿದರೆ ಉಸಿರು ನಿಲ್ಲಬಹುದು. ಅದನ್ನು ಆಸ್ಪತ್ರೆಯಲ್ಲಿ, ಎಎಸ್‌ವಿ ಮತ್ತು ಅಂಬು ಬ್ಯಾಗ್ ಸಿದ್ಧವಿರುವಾಗ ಬಿಚ್ಚುತ್ತಾರೆ. ಬಾವು ಎಲ್ಲಿಯವರೆಗೆ ಏರಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಕಾಲು ಗಂಟೆಗೊಮ್ಮೆ ಹೊಸ ಗೆರೆ. ಡಾಕ್ಟರು ಇದನ್ನು ಒಂದು ನೋಟದಲ್ಲಿ ಓದುತ್ತಾರೆ.

ನಾಗರಹಾವು, ಕಟ್ಟುಹಾವಿನ ವಿಷ ನರಗಳಿಗೆ ಏರುವಂಥದ್ದು. ಕಣ್ಣ ರೆಪ್ಪೆ ಜೋಲುತ್ತಿದೆಯೇ, ತಲೆದಿಂಬಿನಿಂದ ತಲೆ ಎತ್ತಲಾಗುತ್ತದೆಯೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ಮೂರನ್ನೂ ನೋಡಿ ಬರೆಯಿರಿ. ಮೊದಲು ಮೂವತ್ತರವರೆಗೆ ಎಣಿಸಿದವರು ಆಮೇಲೆ ಹನ್ನೆರಡಕ್ಕೆ ನಿಂತರೆ ಉಸಿರಿನ ಸ್ನಾಯು ಸೋಲುತ್ತಿದೆ ಎಂದರ್ಥ. ಕಟ್ಟುಹಾವಿನ ಕಡಿತಕ್ಕೆ ನೋವಾಗಲಿ ಬಾವಾಗಲಿ ಹೆಚ್ಚಿರುವುದಿಲ್ಲ. ರಾತ್ರಿ ನೆಲದಲ್ಲಿ ಮಲಗಿದವರು ನಸುಕಿಗೆ ಹೊಟ್ಟೆನೋವು, ವಾಂತಿ ಎಂದರೆ, ರೆಪ್ಪೆಯೂ ಜೋಲುತ್ತಿದ್ದರೆ, ಗ್ಯಾಸ್ ಎಂದು ಬಿಡಬೇಡಿ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇದಕ್ಕೆ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಮಾಡಬಹುದಾದ ಪರೀಕ್ಷೆ ಒಂದು ಉಂಟು: ಹೊಸ, ಒಣಗಿದ ಗಾಜಿನ ನಳಿಗೆಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಮುಟ್ಟದೆ ಇಡುವುದು, ಆಮೇಲೆ ಒಮ್ಮೆ ವಾಲಿಸುವುದು. ನೀರಿನಂತೆ ಹರಿದರೆ ವಿಷ ಏರಿದೆ. ಇಲ್ಲಿ ನಡೆಯುವ ತಪ್ಪು ನಳಿಗೆಯದ್ದು. ಪ್ಲಾಸ್ಟಿಕ್ಕಿನದ್ದೋ ಸೋಪಿನಲ್ಲಿ ತೊಳೆದದ್ದೋ ಆದರೆ ಸರಿ ಇರುವ ರಕ್ತವೂ ಹೆಪ್ಪುಗಟ್ಟುವುದಿಲ್ಲ. ನಡುನಡುವೆ ಎತ್ತಿ ನೋಡುವ ಕುತೂಹಲಿಗಳಿಂದಲೂ ಪರೀಕ್ಷೆ ಕೆಡುತ್ತದೆ. ಎಎಸ್‌ವಿ ಮೊದಲ ಡೋಸ್ ಸಾಮಾನ್ಯವಾಗಿ 10 ವೈಯಲ್. ಮಕ್ಕಳಿಗೂ ಅಷ್ಟೇ, ಹಾವು ಮಗುವೆಂದು ವಿಷ ಕಡಿಮೆ ಹಾಕುವುದಿಲ್ಲ.

ಹಾವನ್ನು ಹೊಡೆದು ತರುವ ಅಗತ್ಯವಿಲ್ಲ. ದೂರದಿಂದ ಫೋಟೋ ಸಿಕ್ಕರೆ ಒಳ್ಳೆಯದು. ನಮ್ಮಲ್ಲಿ ಮಾರಾಟವಾಗುವ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಪಶ್ಚಿಮಘಟ್ಟದ ತಪ್ಪಲಿನ ತೋಟಗಳಲ್ಲಿ ಸಿಗುವ, ಮೂಗಿನ ತುದಿ ಮೇಲೆ ತಿರುಗಿದ ಚಿಕ್ಕ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ, ಫೋಟೋ ಇದ್ದರೆ ಡಾಕ್ಟರಿಗೆ ಅಂದಾಜು ಸಿಗುತ್ತದೆ. ಯಾವ ಆಸ್ಪತ್ರೆಯಲ್ಲಿ ಎಎಸ್‌ವಿ ಮತ್ತು ವೆಂಟಿಲೇಟರ್ ಎರಡೂ ಇವೆ ಎಂದು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳಿ, ಅಂಬ್ಯುಲೆನ್ಸ್ ನಂಬರಿನ ಪಕ್ಕದಲ್ಲೇ ಬರೆದಿಡಿ.

ಪ್ರಶ್ನೆ: ಅಡಿಕೆ ಮರ ಹತ್ತುವವರಿಗೆ ಪ್ರಥಮ ಚಿಕಿತ್ಸೆ ಶಿಬಿರ ಮಾಡಬೇಕೆಂದಿದ್ದೇವೆ. ಏನನ್ನು ಸೇರಿಸಬೇಕು?
– ಹೆಲ್ತ್ ಇನ್‌ಸ್ಪೆಕ್ಟರ್, ಪುತ್ತಿಗೆ

ಉತ್ತರ: ಮೂರೇ ವಿಷಯ ಸಾಕು, ಹತ್ತು ಬೇಡ. ಬಿದ್ದವನನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸುವ ಚಾಳಿ ಬಿಡಿಸುವುದು ಮೊದಲನೆಯದು. ಒಬ್ಬರು ತಲೆ ಹಿಡಿದು, ಮೂವರು ಹೆಗಲು, ಸೊಂಟ, ಕಾಲು ಹಿಡಿದು, ತಲೆಯವರ ಎಣಿಕೆಗೆ ಮರದ ದಿಮ್ಮಿಯಂತೆ ಒಟ್ಟಿಗೆ ಮಗ್ಗುಲಾಗಿಸಿ ಹಲಗೆಗೆ ಸರಿಸುವುದನ್ನು ತೋಟದ ಇಳಿಜಾರಿನಲ್ಲೇ ಮಾಡಿಸಿ. ಹಾಲ್‌ನ ಟೈಲ್ಸ್ ಮೇಲೆ ಮಾಡಿದ್ದು ತೋಟದಲ್ಲಿ ನೆನಪಾಗುವುದಿಲ್ಲ. ಉದ್ದದ ಏಣಿ ಇದ್ದರೆ ಹಲಗೆ ಬೇಕಿಲ್ಲ.

ಎರಡನೆಯದು ಕರೆಂಟು. ಅಲ್ಯೂಮಿನಿಯಂ ದೋಟಿ, ಏಣಿ ಲೈನಿಗೆ ತಾಗಿದವನನ್ನು ಮುಟ್ಟಿದ ಎರಡನೆಯವನೂ ಹೋಗುತ್ತಾನೆ. ಒಣ ಕೋಲು ಮನೆ ಕರೆಂಟಿಗೆ ಸರಿ, ಹೈಟೆನ್ಷನ್ ಲೈನಿಗೆ ಅಲ್ಲ. ಅಲ್ಲಿ ಲೈನ್ ಆಫ್ ಆದದ್ದು ಖಚಿತವಾಗುವವರೆಗೆ ಯಾರೂ ಹತ್ತಿರ ಹೋಗಬಾರದು. ಆಫ್ ಆದ ಮೇಲೆ ಉಸಿರಿಲ್ಲದಿದ್ದರೆ ತಕ್ಷಣ ಸಿಪಿಆರ್.

ಮೂರನೆಯದು ಮೈಲುತುತ್ತು, ಸುಣ್ಣದ ಮದ್ದು ಕಣ್ಣಿಗೆ ಬಿದ್ದಾಗ. ಸುಣ್ಣ ಕ್ಷಾರ, ಕಣ್ಣಿನೊಳಗೆ ಇಳಿಯುತ್ತಲೇ ಹೋಗುತ್ತದೆ. ರೆಪ್ಪೆ ಬಿಡಿಸಿ, ಮೇಲಿನ ರೆಪ್ಪೆಯಡಿ ಸಿಕ್ಕಿಕೊಂಡ ಸುಣ್ಣದ ಹರಳು ತೆಗೆದು, ಕನಿಷ್ಠ 30 ನಿಮಿಷ ಸುಮ್ಮನೆ ನೀರು ಹಾಯಿಸುತ್ತಿರಬೇಕು. ಮದ್ದು ಬಿಡುವ ಜಾಗಕ್ಕೆ ಒಂದು ಕೊಡ ಶುದ್ಧ ನೀರು ಬೇರೆಯೇ ಕೊಂಡೊಯ್ಯುವ ಕ್ರಮ ಮಾಡಿಸಿದರೆ ಶಿಬಿರ ಸಾರ್ಥಕ.

ಪ್ರಶ್ನೆ: ನಮ್ಮ ಉತ್ಸವಕ್ಕೆ ಹತ್ತು ಸಾವಿರ ಜನ ಸೇರುತ್ತಾರೆ. ನೀಲೇಶ್ವರದಂಥದ್ದು ನಡೆದರೆ ನಾವು ನಾಲ್ಕು ಮಂದಿ ಸಿಬ್ಬಂದಿ ಏನು ಮಾಡಬಹುದು?
– ಜೆಎಚ್‌ಐ (ಕಿರಿಯ ಹೆಲ್ತ್ ಇನ್‌ಸ್ಪೆಕ್ಟರ್), ಮಧೂರು ಸಮೀಪ

ಉತ್ತರ: 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದ ತೆಯ್ಯಂ ಉತ್ಸವದಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ತಗಲಿ ಒಂದೇ ರಾತ್ರಿ ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಷ್ಟು ಮಂದಿಗೆ ನಾಲ್ವರು ಚಿಕಿತ್ಸೆ ಕೊಡಲಾಗದು. ವಿಂಗಡಿಸಬಹುದು, ಅದನ್ನೇ ಕಲಿಯಿರಿ.

ಮೊದಲು ಮೈಕಿನಲ್ಲಿ ‘ನಡೆಯಲು ಆಗುವವರೆಲ್ಲ ಶಾಲೆಯ ಅಂಗಳಕ್ಕೆ ಬನ್ನಿ’ ಎಂದು ಕರೆಯಿರಿ. ಬಂದವರು ಹಸಿರು, ಅಂದರೆ ಕಾಯಬಲ್ಲವರು. ಉಳಿದ ಒಬ್ಬೊಬ್ಬರಿಗೂ ಅರ್ಧ ನಿಮಿಷ. ಉಸಿರಿಲ್ಲವೇ, ಗದ್ದ ಎತ್ತಿ ಗಂಟಲು ತೆರೆಯಿರಿ. ಆಗಲೂ ಬರದಿದ್ದರೆ ಕಪ್ಪು (ಬದುಕಿಸಲಾಗದವರು), ಬಂದರೆ ಕೆಂಪು (ಮೊದಲು ಚಿಕಿತ್ಸೆ ಬೇಕಾದವರು). ಉಸಿರು ನಿಮಿಷಕ್ಕೆ 30 ಮೀರಿದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪೇರದಿದ್ದರೆ ಕೆಂಪು. ‘ಕೈ ಹಿಚುಕಿ’ ಎಂದರೆ ಹಿಚುಕದಿದ್ದರೆ ಕೆಂಪು. ಇವೆಲ್ಲ ಸರಿ ಇದ್ದು ನಡೆಯಲಾಗದವರು ಹಳದಿ (ಕೆಂಪಿನ ನಂತರದ ಸರದಿ). ಈ ಸುತ್ತಿನಲ್ಲಿ ಗಂಟಲು ತೆರೆಯುವುದು, ಚಿಮ್ಮುವ ರಕ್ತ ಒತ್ತಿ ಕಟ್ಟುವುದು ಬಿಟ್ಟರೆ ಬೇರೆ ಚಿಕಿತ್ಸೆ ಇಲ್ಲ.

ಹೇಳುವುದು ಸಲೀಸು. ಮಾಡುವಾಗ ಎಲ್ಲರೂ ಜೋರಾಗಿ ಕಿರುಚುವವನ ಹತ್ತಿರ ನಿಂತುಬಿಡುತ್ತಾರೆ. ಕಿರುಚುವವನಿಗೆ ಉಸಿರಿದೆ. ಇದನ್ನು ಮೈಗೂಡಿಸಲು ಇಪ್ಪತ್ತು ಚೀಟಿ ಬರೆದು ಅಂಗಳದಲ್ಲಿ ಹರಡಿ. ‘ಕಾಲು ಮುರಿದಿದೆ, ಕಿರುಚುತ್ತಿದ್ದಾನೆ, ಉಸಿರು 24, ನಾಡಿ ಇದೆ, ಮಾತು ಕೇಳುತ್ತಾನೆ’ ಎಂಬ ಚೀಟಿಗೆ ಹಳದಿ ರಿಬ್ಬನ್. ‘ಸುಮ್ಮನೆ ಮಲಗಿದ್ದಾಳೆ, ಗಾಯ ಕಾಣುವುದಿಲ್ಲ, ಉಸಿರು 36’ ಎಂಬುದಕ್ಕೆ ಕೆಂಪು. ಹತ್ತು ನಿಮಿಷದಲ್ಲಿ ಇಪ್ಪತ್ತೂ ಮುಗಿಯಬೇಕು. ಸುಟ್ಟಗಾಯದಲ್ಲಿ ಮಾತ್ರ ಒಂದು ಅಪವಾದ: ನಡೆದು ಬಂದವರೇ ಆದರೂ ಮುಖ ಸುಟ್ಟು, ಮೂಗಿನ ಕೂದಲು ಕರಟಿ, ಧ್ವನಿ ಒಡೆದಿದ್ದರೆ ಅವರು ಹಸಿರಲ್ಲ, ಕೆಂಪು. ಗಂಟಲು ಗಂಟೆಯೊಳಗೆ ಬಾತು ಮುಚ್ಚಿಕೊಳ್ಳಬಹುದು.

ಹಸಿರು ಅಂಗಳದಲ್ಲಿ ನಳ್ಳಿ ಅಥವಾ ಟ್ಯಾಂಕಿ ಇರಲೇಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ನೀರು ಬೇಕು, ಐಸ್ ಅಲ್ಲ, ಪೇಸ್ಟ್ ಅಲ್ಲ. ಅಂಬ್ಯುಲೆನ್ಸ್ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಎಂದು ಉತ್ಸವ ಸಮಿತಿಯವರೊಂದಿಗೆ ಮೊದಲೇ ನಿಗದಿ ಮಾಡಿ, ಆ ದಾರಿಯಲ್ಲಿ ಸಂತೆ ಅಂಗಡಿ ಹಾಕಲು ಬಿಡಬೇಡಿ.

ಪ್ರಶ್ನೆ: ಕೀಟನಾಶಕ ಕುಡಿದವರಿಗೆಂದು ನಮ್ಮ ಕೇಂದ್ರದಲ್ಲಿ ಅಟ್ರೋಪಿನ್ 20 ಆಂಪೂಲ್ ಇದೆ. ಸಾಕಲ್ಲವೇ?
– ಫಾರ್ಮಸಿಸ್ಟ್, ಬೆಳ್ಳೂರು

ಉತ್ತರ: ಸಾಲದು. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷಕ್ಕೆ ಶುರುವಿನಲ್ಲಿ 1.8ರಿಂದ 3 ಮಿ.ಗ್ರಾಂ ಕೊಟ್ಟು, ಎದೆಯ ಗೊರಗೊರ ನಿಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ ಇಮ್ಮಡಿ ಮಾಡುತ್ತಾರೆ. 0.6 ಮಿ.ಗ್ರಾಮಿನ ಆಂಪೂಲಿನಲ್ಲಿ 3, 6, 12, 24. ಕಾಲು ಗಂಟೆಯಲ್ಲಿ 45 ಆಂಪೂಲ್ ಖಾಲಿ. ಒಬ್ಬರು ಒಡೆಯುತ್ತಾ ಹೋಗಬೇಕು, ಒಬ್ಬರು ಎಳೆಯುತ್ತಾ ಹೋಗಬೇಕು, ಅದನ್ನೂ ಅಭ್ಯಾಸ ಮಾಡಿ. ವಾಂತಿ ಮಾಡಿಸಬೇಡಿ. ಬಟ್ಟೆ ಕಳಚಿ ಮೈ, ಕೂದಲು ತೊಳೆಯುವವರು ಗ್ಲೌಸ್, ಏಪ್ರನ್ ಹಾಕಿರಬೇಕು, ವಿಷ ಚರ್ಮದಿಂದಲೂ ಏರುತ್ತದೆ.

ಪ್ರಶ್ನೆ: ಎಂಡೋಸಲ್ಫಾನ್ ಪೀಡಿತ ಮಕ್ಕಳಿರುವ ಮನೆಗಳಿಗೆ ಹೋಗುತ್ತೇನೆ. ಫಿಟ್ಸ್ ಬಂದಾಗ ತಾಯಂದಿರು ಏನು ಮಾಡಬೇಕೆಂದು ಹೇಗೆ ಕಲಿಸಲಿ?
– ಪಾಲಿಯೇಟಿವ್ ನರ್ಸ್, ಎಣ್ಮಕಜೆ

ಉತ್ತರ: ಗಡಿಯಾರ ನೋಡುವುದನ್ನು ಮೊದಲು ಕಲಿಸಿ. ಒಂದು ನಿಮಿಷದ ಫಿಟ್ಸ್ ತಾಯಿಗೆ ಅರ್ಧ ಗಂಟೆಯಂತೆ ಅನಿಸುತ್ತದೆ. ಮಗ್ಗುಲಾಗಿಸಿ ಮಲಗಿಸಬೇಕು, ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬಾರದು, ಕೈಗೆ ಕಬ್ಬಿಣ ಕೊಡುವುದು ಬೇಡವೇ ಬೇಡ. ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮಿಡಜೋಲಾಮ್ ಮೂಗಿನ ಸ್ಪ್ರೇ ಮತ್ತು ಅಂಬ್ಯುಲೆನ್ಸಿಗೆ ಫೋನ್.

ಎಡವುವುದು ಸ್ಪ್ರೇಯಲ್ಲಿ. ಒಂದು ಪಫ್‌ಗೆ 0.5 ಮಿ.ಗ್ರಾಂ ಬರುವುದೂ ಇದೆ, 1.25 ಬರುವುದೂ ಇದೆ. ಅಂಗಡಿಯವರು ಕಂಪನಿ ಬದಲಿಸಿ ಕೊಟ್ಟರೆ ‘ಎರಡು ಪಫ್’ ಎಂಬ ಹಳೆ ಲೆಕ್ಕ ಪೂರ್ತಿ ತಪ್ಪು. ಪ್ರತಿ ಭೇಟಿಯಲ್ಲೂ ಬಾಟಲಿ ತೆಗೆಸಿ, ಲೇಬಲ್ ಓದಿ, ಈ ಮಗುವಿಗೆ ಎಷ್ಟು ಪಫ್ ಎಂದು ಅದರ ಮೇಲೇ ಬರೆಯಿರಿ. ಹೊಸ ಬಾಟಲಿಯ ಪಂಪನ್ನು ಮೊದಲು ಗಾಳಿಗೆ ಒತ್ತಿ ಮದ್ದು ಬರುವಂತೆ ಮಾಡಿಡಬೇಕು, ಇಲ್ಲದಿದ್ದರೆ ಮೊದಲ ಪಫ್ ಬರೀ ಗಾಳಿ.

ಪ್ರಶ್ನೆ: ರಸ್ತೆ ಅಪಘಾತದಲ್ಲಿ ನಾವು ಮುಟ್ಟಿದ ಮೇಲೆ ಸತ್ತರೆ ನಮ್ಮ ಮೇಲೆ ಕೇಸಾಗುತ್ತದೆಯೇ?
– ಆಶಾ ಕಾರ್ಯಕರ್ತೆ, ಉಪ್ಪಳ

ಉತ್ತರ: ಸದುದ್ದೇಶದಿಂದ ಸ್ವಇಚ್ಛೆಯಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ವಿಧಿ ರಕ್ಷಣೆ ಕೊಡುತ್ತದೆ. ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ. ನಿಮಗೆ ಕಲಿಸಿದಷ್ಟನ್ನೇ ಮಾಡಿ, ಮಾಡಿದ್ದನ್ನು ಗಂಟೆ ಸಮೇತ ಬರೆದಿಡಿ.

ಪ್ರಶ್ನೆ: ಗಡಿ ದಾಟಿ ಕಳಿಸುವ ರೋಗಿಗಳ ಜತೆ ಏನು ಬರೆದು ಕಳಿಸಬೇಕು? ಅಲ್ಲಿ ಹೋದ ಮೇಲೆ ಎಲ್ಲ ಮೊದಲಿಂದ ಕೇಳುತ್ತಾರೆ ಎಂದು ಮನೆಯವರ ದೂರು.
– ಸ್ಟಾಫ್ ನರ್ಸ್, ಮಂಜೇಶ್ವರ

ಉತ್ತರ: ಎರಡು ಪುಟದ ಕೇಸ್ ಶೀಟ್ ಯಾರೂ ಓದುವುದಿಲ್ಲ. ಅರ್ಧ ಹಾಳೆಯಲ್ಲಿ ನಾಲ್ಕು ಸಾಲು: ವಯಸ್ಸು ಮತ್ತು ಏನಾಯಿತು, ಎಷ್ಟು ಗಂಟೆಗೆ; ಏನು ಕಂಡಿರಿ; ನಾಡಿ, ಬಿ.ಪಿ., ಉಸಿರು, ಆಕ್ಸಿಜನ್ ಮಟ್ಟ, ಎಚ್ಚರ ಇವು ಬಂದಾಗ ಎಷ್ಟು, ಹೊರಡುವಾಗ ಎಷ್ಟು; ಏನು ಕೊಟ್ಟಿರಿ, ಎಷ್ಟು, ಎಷ್ಟು ಗಂಟೆಗೆ. ಇಂಗ್ಲಿಷಿನಲ್ಲಿ ಬರೆದು ಫೋನಿನಲ್ಲಿ ಫೋಟೋ ತೆಗೆದಿಡಿ, ಮೂಲ ಪ್ರತಿ ರೋಗಿಯ ಜತೆ ಹೋಗಲಿ. ಹೊರಡುವ ಮುನ್ನ ಆ ಆಸ್ಪತ್ರೆಗೆ ಫೋನ್ ಮಾಡಿ ಬೆಡ್ ಕೇಳಿ, ಉತ್ತರಿಸಿದವರ ಹೆಸರು ಹಾಳೆಯ ಮೇಲೆ ಬರೆಯಿರಿ. ‘ಯಾರೂ ಹೇಳಿಲ್ಲ’ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

108ಕ್ಕೆ ಕರೆ ಮಾಡುವಾಗ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು ಹೇಳಿ. ವರ್ಕಾಡಿ, ಪೆರ್ಲದಂಥ ಕಡೆ ಫೋನು ಆಚೆ ಬದಿಯ ಟವರ್ ಹಿಡಿದಿದ್ದರೆ ಕರೆ ಕರ್ನಾಟಕದ ಕೊಠಡಿಗೆ ಹೋಗಿ ಬೀಳಬಹುದು. ಕಾಸರಗೋಡು ಎಂದರೆ ಅವರಿಗೆ ಕೂಡಲೇ ತಿಳಿಯುತ್ತದೆ, ಹೇಳದೆ ಬರೀ ಊರ ಹೆಸರು ಹೇಳಿದರೆ ಹುಡುಕುತ್ತಾ ಕೂರಬೇಕಾದೀತು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಇಲ್ಲಿಯ ರೋಗಿಗಳು ಸತ್ತದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ನಿಮ್ಮ ಗೋಡೆಯ ಪಟ್ಟಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೆರಿಗೆ, ತಲೆಗೆ ಪೆಟ್ಟು ಪ್ರತಿಯೊಂದಕ್ಕೂ ಎರಡು ಆಸ್ಪತ್ರೆ ಬರೆದಿರಬೇಕು: ಒಂದು ತಲಪಾಡಿಯಿಂದ ಆಚೆ, ಒಂದು ಈಚೆ.